ತಾಯಿ ಏಡಿಯ ಹೊಟ್ಟೆಯಡಿ

ಮುಗಳಖೋಡ ಕಡೆ ಮಳೆ ಬಿದ್ದರೆ ಹೊಲದ ಬದುವಿಗೆ ಏಡಿಗಳು ಹೊರಬರುತ್ತವೆ. ಹಿಡಿದು ತಿರುವಿದರೆ ಕೆಲವು ತಾಯಂದಿರ ಹೊಟ್ಟೆಯ ಮಡಿಕೆಯಲ್ಲಿ ಮರಿಗಳೇ ಮರಿಗಳು!

ಅಕ್ವೇರಿಯಂನಲ್ಲಿ ಸಾಕುವ, ಏಡಿಯ ಬಳಗದ ಕ್ರೇಫಿಶ್ ಕೂಡ ಹೀಗೆಯೇ ಬಾಲದಡಿ ಮೊಟ್ಟೆ, ಮರಿ ಹೊತ್ತು ತಿರುಗುತ್ತದೆ. ತಾಯಿಯನ್ನು ಬಿಟ್ಟ ಮರಿಗಳಿಗೆ ಅಡಗಲು ಕಲ್ಲು, ಪೈಪಿನ ತುಂಡು ಬೇಕು. ಇಲ್ಲದಿದ್ದರೆ ಒಂದನ್ನೊಂದು ತಿನ್ನುತ್ತವೆ. ಬೆಳೆಯುವಾಗ ಅವು ಕಳಚಿದ ಚಿಪ್ಪನ್ನು ತೆಗೆಯಬಾರದು. ಅದನ್ನೇ ತಿಂದು ಸುಣ್ಣದಂಶ ಮರಳಿ ಪಡೆಯುತ್ತವೆ.

ಆದರೆ ಭಾರತದ ಹೊಳೆಗಳಿಗೆ ಕ್ರೇಫಿಶ್ ಹೊರಗಿನದು, ಬಿಟ್ಟರೆ ಹಬ್ಬಬಹುದು. 1990ರ ದಶಕದಲ್ಲಿ ಜರ್ಮನಿಯ ಅಕ್ವೇರಿಯಂಗಳಲ್ಲಿ ಕಂಡ ಮಾರ್ಬಲ್ಡ್ ಕ್ರೇಫಿಶ್‌ಗೆ ಮರಿ ಮಾಡಲು ಗಂಡೇ ಬೇಡ. ಅದೀಗ ಮಡಗಾಸ್ಕರ್‌ನ ಭತ್ತದ ಗದ್ದೆಗಳಿಗೂ ಹಬ್ಬಿದೆ.

ಸಾಕಿದ ಕ್ರೇಫಿಶ್‌ನ ಮರಿಗಳು ಹೆಚ್ಚಾದವೆಂದು ಕಾಲುವೆಗೋ ಕೃಷ್ಣೆಗೋ ದಯವಿಟ್ಟು ಬಿಡಬೇಡಿ. ಅಲ್ಲಿ ನಾಡಿನ ಏಡಿಗಳ ಸಂಸಾರವಿದೆ. ನಿಮ್ಮೂರ ಹಳ್ಳದಲ್ಲಿ ಈಗಲೂ ಏಡಿಗಳು ಕಾಣುತ್ತವೆಯೇ? ತಿಳಿಸಿ.