ಕಲ್ಲು ಮತ್ತು ಒಕ್ಕಲು

ಒಂದು ಸೀಮೆಯ ಹಿರಿಮೆಯನ್ನು ಅಳೆಯಹೊರಟವರು ಮೊದಲು ಅಲ್ಲಿ ಆಳಿದ ಅರಸರನ್ನು ಎಣಿಸುವರು. ಅಲ್ಲಿ ಬಾಳಿದ ಒಕ್ಕಲನ್ನು ಎಣಿಸುವವರು ವಿರಳ. ಬಾಗಲಕೋಟೆಯ ಸೀಮೆಯು ಅರಸರ ವಿಷಯದಲ್ಲಿ ಬಡವಾದುದಲ್ಲ. ವಿಜಾಪುರದಿಂದ ಬೇರ್ಪಟ್ಟು 1997ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಈ ಪ್ರದೇಶವು ಆಡಳಿತದ ಲೆಕ್ಕದಲ್ಲಿ ಎಳೆಯದು. ಶಿಲಾಲೇಖಗಳ ಲೆಕ್ಕದಲ್ಲಿ ಬಹು ಹಿರಿಯದು. ಶಕವರ್ಷ 465ರಲ್ಲಿ, ಎಂದರೆ ಕ್ರಿ. ಶ. 543ರಲ್ಲಿ, ಮೊದಲನೆಯ ಪುಲಕೇಶಿಯು ವಾತಾಪಿಯ ಗಿರಿಯನ್ನು ದುರ್ಗವನ್ನಾಗಿ ಮಾಡಿದನೆಂದು ಬಾದಾಮಿಯ ಬಂಡೆಯೊಂದರ ಮೇಲಿನ ಬರಹವು ಸಾರುತ್ತದೆ. ಅಲ್ಲಿಯ ಮೂರನೆಯ ಗುಹೆಯು ಶಕ 500ರಲ್ಲಿ ಮಂಗಲೇಶನ ಕೈಯಿಂದ ವಿಷ್ಣುವಿಗೆ ಅರ್ಪಿತವಾಯಿತು. ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದುದರ ನೆನಪಿಗಾಗಿ ರಾಣಿ ಲೋಕಮಹಾದೇವಿಯು ಪಟ್ಟದಕಲ್ಲಿನಲ್ಲಿ ಎತ್ತಿಸಿದ ದೇಗುಲದಲ್ಲಿ ಇಂದಿಗೂ ವಿರೂಪಾಕ್ಷನಿಗೆ ಪೂಜೆ ಸಲ್ಲುತ್ತಿದೆ. ಆ ದೇವಾಲಯಗಳ ಸಮೂಹವು 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಇವೆಲ್ಲ ವಾಚಕರು ಬಲ್ಲ ಸಂಗತಿಗಳೇ. ವಿಚಾರಿಸತಕ್ಕದ್ದು ಇನ್ನೊಂದಿದೆ: ಅರಸರು ಅಳಿದ ಮೇಲೆ ಈ ಕಲ್ಲುಗಳಿಗೆ ಆಸರೆಯಾದವರು ಯಾರು?

ಇದರ ಉತ್ತರವನ್ನು ಹುನಗುಂದ ತಾಲೂಕಿನ ಐಹೊಳೆಯಲ್ಲಿ ಅರಸಬೇಕು. ಊರ ಮೇಲಿನ ಗುಡ್ಡದಲ್ಲಿ ರವಿಕೀರ್ತಿಯು ಶಕ 556ರಲ್ಲಿ ಜಿನಾಲಯವನ್ನು ಕಟ್ಟಿಸಿ, ಇಮ್ಮಡಿ ಪುಲಕೇಶಿಯ ದಿಗ್ವಿಜಯವನ್ನು ಸಂಸ್ಕೃತ ಪದ್ಯಗಳಲ್ಲಿ ಕಡೆಯಿಸಿದನು. ಕೀರ್ತಿಯಲ್ಲಿ ತಾನು ಕಾಳಿದಾಸ ಭಾರವಿಗಳಿಗೆ ಸಮನೆಂದು ಆತನು ಹೇಳಿಕೊಂಡಿರುವನು. ಆ ಅಭಿಮಾನವು ಲೋಕಕ್ಕೆ ಉಪಕಾರವೇ ಆಯಿತು. ಆ ಇಬ್ಬರು ಮಹಾಕವಿಗಳು ಕ್ರಿ. ಶ. 634ಕ್ಕಿಂತ ಈಚಿನವರಲ್ಲವೆಂಬುದಕ್ಕೆ ಪಂಡಿತರಿಗೆ ಅದೊಂದು ಗಟ್ಟಿಯಾದ ಆಧಾರವಾಗಿದೆ. ಆದರೆ ಆ ಆಲಯಕ್ಕೆ ಇಂದು ಉಳಿದಿರುವ ಹೆಸರು ಕವಿಯಿಟ್ಟದ್ದಲ್ಲ. ಮೇಲಿರುವ ಗುಡಿಯನ್ನು ಊರವರು ಮೇಗುಟಿ ಎಂದರು. ಪಂಡಿತರೂ ಹಾಗೆಯೇ ಬರೆಯುತ್ತಿರುವರು.

ಕೆಳಗಿನ ಊರಿನಲ್ಲಿಯೂ ಇದೇ ರೀತಿ. ಲಾಡಖಾನನೆಂಬ ಮುಸಲ್ಮಾನ ಗೃಹಸ್ಥನು ಒಂದು ಕಾಲದಲ್ಲಿ ವಾಸವಾಗಿದ್ದ ಶಿವಾಲಯವು ಲಾಡಖಾನನ ಗುಡಿಯೆನಿಸಿತು. ಕೋಟೆಗೆ ಹೊಂದಿಕೊಂಡಿದ್ದುದು ದುರ್ಗದ ಗುಡಿಯಾಯಿತು. ದುರ್ಗಾದೇವಿಗೂ ಆ ಹೆಸರಿಗೂ ಸಂಬಂಧವಿಲ್ಲ. ಗುಡಿಯು ಮನೆಯಾದಾಗ ಗೋಡೆಗೆ ಒಲೆಯ ಹೊಗೆ ಹಿಡಿಯುವುದೂ, ದನಗಳ ಮೈ ತಿಕ್ಕಿ ಶಿಲ್ಪವು ಸವೆಯುವುದೂ ಸಹಜ. ಆ ಹಾನಿಯನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಮನುಷ್ಯರು ವಾಸಿಸುವ ಮಾಳಿಗೆಯ ಮೇಲೆ ಆಲದ ಸಸಿ ಬೇರೂರದು. ದೀಪ ಹಚ್ಚುವ ಮನೆಯ ಕಂಬವನ್ನು ಯಾರೂ ಕಿತ್ತೊಯ್ಯರು. ಹಾಳು ಬಿದ್ದ ಗುಡಿಗೆ ಈ ಭಾಗ್ಯವಿಲ್ಲ.

ಗುಡಿಗಳಿಗೆ ಒತ್ತಿಕೊಂಡಿರುವ ಮನೆಗಳನ್ನು ಬೇರೆಡೆಗೆ ಸಾಗಿಸಬೇಕೆಂಬ ಯೋಚನೆಯು ಐಹೊಳೆಯ ಮಟ್ಟಿಗೆ ದಶಕಗಳಿಂದ ಚರ್ಚೆಯಲ್ಲಿದೆ. ಶಿಲ್ಪಕ್ಕೆ ಗಾಳಿ ಬೆಳಕು ಬೇಕೆಂಬುದು ನಿಜ. ಇಕ್ಕಟ್ಟಿನಲ್ಲಿರುವ ಕುಟುಂಬಗಳಿಗೆ ಒಳ್ಳೆಯ ಮನೆ ಬೇಕೆಂಬುದೂ ನಿಜ. ಆದರೂ ಊರನ್ನು ಎತ್ತಿಡುವುದೆಂದರೆ ಏನೆಂಬುದನ್ನು ಬಾಗಲಕೋಟೆ ಪಟ್ಟಣವೇ ಅನುಭವಿಸಿ ಬಲ್ಲುದು. ಕೃಷ್ಣೆಗೆ ಆಲಮಟ್ಟಿಯಲ್ಲಿ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರು ಘಟಪ್ರಭೆಯ ದಂಡೆಯ ಹಳೆಯ ಊರಿನ ಬಹುಭಾಗವನ್ನು ವ್ಯಾಪಿಸಿತು. ಜನರು ನವನಗರಕ್ಕೆ ಹೋದರು. ಅಲ್ಲಿ ಅಗಲವಾದ ಬೀದಿಗಳಿವೆ. ಆದರೆ ಗಲ್ಲಿಗಳಿಗಿದ್ದ ಹೆಸರುಗಳ ಸ್ಥಾನದಲ್ಲಿ ಸೆಕ್ಟರುಗಳ ಸಂಖ್ಯೆಗಳಿವೆ. ನೀರು ಹೊಲಗಳಿಗೆ ಜೀವವಾಯಿತು, ಊರಿನ ನೆನಪಿಗೆ ಮುಳುಗಡೆಯಾಯಿತು. ಕೆಳಗಡೆ ನಾರಾಯಣಪುರದ ಅಣೆಕಟ್ಟಿನ ನೀರು ಕೂಡಲಸಂಗಮವನ್ನು ಮುಟ್ಟಿದಾಗ, ಬಸವಣ್ಣನವರ ಐಕ್ಯಸ್ಥಳದ ಸುತ್ತ ಬಾವಿಯಂತೆ ಗೋಡೆಯೆತ್ತಿ ಅದನ್ನು ಉಳಿಸಲಾಯಿತು. ಭಕ್ತರ ಹೆಜ್ಜೆ ಅಲ್ಲಿ ನಿಲ್ಲಲಿಲ್ಲವಾದುದರಿಂದಲೇ ಆ ಗೋಡೆಯು ಎದ್ದಿತು. ಬೇಕೆನ್ನುವವರಿದ್ದಲ್ಲಿ ನೀರಿನ ನಡುವೆಯೂ ಕಲ್ಲು ನಿಲ್ಲುವುದು.

ಕಲ್ಲಿಲ್ಲದೆ ಕೈಯಿಂದ ಕೈಗೆ ನಡೆದುಬಂದ ಚರಿತ್ರೆಯೂ ಈ ಸೀಮೆಯಲ್ಲಿದೆ. ಇಳಕಲ್ಲಿನ ನೇಕಾರನು ಸೀರೆಯ ಒಡಲಿನ ಹಾಸನ್ನೂ ಸೆರಗಿನ ರೇಷ್ಮೆಯ ಹಾಸನ್ನೂ ಕೊಂಡಿ ಹಾಕಿ ಕೂಡಿಸುವನು. ಟೋಪತೆನೆಯ ಸೆರಗಿಗೆ ಯಾವ ಶಾಸನವೂ ಬೇಕಾಗಲಿಲ್ಲ. ಬಾದಾಮಿಯಲ್ಲಿ ಕಪ್ಪೆ ಅರಭಟ್ಟನ ಗುಣವನ್ನು ಸುಮಾರು ಕ್ರಿ. ಶ. 700ರ ಹೊತ್ತಿಗೆ ಬಂಡೆಯ ಮೇಲೆ ತ್ರಿಪದಿಯಲ್ಲಿ ಬರೆದರು. ಆ ಲಿಪಿಯನ್ನು ಓದಬಲ್ಲವರು ನಡುವೆ ಶತಮಾನಗಳ ಕಾಲ ಇಲ್ಲದೆ ಹೋದರು. ಆದರೆ ಆ ಛಂದಸ್ಸನ್ನು ಓದುಬರಹ ಅರಿಯದ ಹೆಣ್ಣುಮಕ್ಕಳು ಬೀಸುವ ಕಲ್ಲಿನ ಮುಂದೆ ಹಾಡಿ ಉಳಿಸಿದರು.

ಆದ್ದರಿಂದ ಐಹೊಳೆಯ ಒಕ್ಕಲನ್ನು ಹೊರಗಟ್ಟಿ ಕಲ್ಲನ್ನು ಕಾಯುವುದು ಪೂರ್ಣವಾದ ರಕ್ಷಣೆಯೆನಿಸದು. ಗುಡಿಗೆ ಧಕ್ಕೆ ತಗಲುವ ಮನೆಗಳಿಗೆ ಅವರ ಒಪ್ಪಿಗೆಯಿಂದ ಸಮೀಪದಲ್ಲಿಯೇ ನೆಲೆ ದೊರೆಯಲಿ. ಉಳಿದವರು ಅಲ್ಲಿಯೇ ಬಾಳಲಿ. ಊರ ಶಾಲೆಯ ಮಕ್ಕಳಿಗೆ ಹಳಗನ್ನಡ ಲಿಪಿಯ ನಾಲ್ಕಕ್ಷರ ಕಲಿಸಿದರೆ, ಬೇಲಿ ಕಾವಲುಗಳಿಂದ ಆಗದ ಕೆಲಸವು ಅವರಿಂದ ಆದೀತು. ಅರಸನು ಕಟ್ಟಿಸಿದನು, ಕವಿಯು ಬರೆದನು. ಹೆಸರಿಟ್ಟು ಕರೆದವರು ಊರವರು. ಕರೆಯುವ ಕಂಠವು ದೂರವಾದರೆ ಕಲ್ಲಿಗೆ ಬಂದೋಬಸ್ತು ಎಷ್ಟಿದ್ದರೂ ಅದು ಒಂಟಿಯೇ.