ಜೇಬಿನ ಚಾಕು

ಗೃಹಸ್ಥನಾದವನ ಬಳಿ ಸದಾ ಇರತಕ್ಕ ಉಪಕರಣಗಳಲ್ಲಿ ಮಡಿಸುವ ಚಾಕುವೂ ಒಂದು. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರನು 1897ರಲ್ಲಿ ಸೇನಾಧಿಕಾರಿಗಳಿಗಾಗಿ ಹಲವು ಅಂಗಗಳ ಚಾಕುವನ್ನು ರೂಪಿಸಿದನು. ಅಮೆರಿಕದ ಟಿಮ್ ಲೆದರ್‌ಮನ್ನನು 1983ರಲ್ಲಿ ಇಕ್ಕುಳವನ್ನೇ ಪ್ರಧಾನವಾಗುಳ್ಳ ಉಪಕರಣವನ್ನು ಮಾರಾಟಕ್ಕೆ ತಂದನು. ಇವುಗಳ ಬೆಲೆಯಾದರೋ ನಿವೃತ್ತಿವೇತನದವರಿಗೆ ಭಾರವೇ ಸರಿ.

ಬೆಳಗಾವಿಯ ಪೇಟೆಯಲ್ಲಿ ಅಗ್ಗದವುಗಳೂ ದೊರೆಯುತ್ತವೆ. ಅಂಗಗಳ ಸಂಖ್ಯೆಯನ್ನು ಕಂಡು ಮರುಳಾಗಬಾರದು. ಅಲಗು, ಇಕ್ಕುಳ, ತಿರುಪುಳಿ ಈ ಮೂರು ದೃಢವಾಗಿದ್ದರೆ ಸಾಕು. ಕೊಳ್ಳುವಾಗ ಅಲಗನ್ನು ಬಿಚ್ಚಿ ಮೆಲ್ಲನೆ ಅಲುಗಿಸಿ ನೋಡಬೇಕು; ಬಿಗಿಯಾಗಿ ನಿಲ್ಲದ ಅಲಗು ಬೆರಳಿನ ಮೇಲೆಯೇ ಮಡಿಚಿಕೊಂಡೀತು. ಇಕ್ಕುಳದ ತುದಿಗಳನ್ನು ಬೆಳಕಿಗೆ ಹಿಡಿದರೆ ನಡುವೆ ಸಂದು ಕಾಣಬಾರದು. ಕಳೆದ ವರ್ಷ ಖಾನಾಪುರದಿಂದ ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿಗೆ ಹೋಗಿದ್ದಾಗ, ಮೊಮ್ಮಗನ ಅಂಗಾಲಿನಲ್ಲಿ ಮುರಿದುಳಿದ ಮುಳ್ಳು ಹೊರಬಂದುದು ಅಂತಹ ತುದಿಯಿಂದಲೇ.

ಇಂಗಾಲದ ಉಕ್ಕು ಸುಲಭವಾಗಿ ಹರಿತವಾಗುವುದು, ಆದರೆ ಆ ಸೀಮೆಯ ಮಳೆಗೆ ಬೇಗನೆ ತುಕ್ಕು ಹಿಡಿಯುವುದು. ಆದಕಾರಣ ಕ್ರೋಮಿಯಂ ಬೆರೆತ ಸ್ಟೇನ್‌ಲೆಸ್ ಉಕ್ಕೇ ಲೇಸು. ಅದನ್ನೂ ಒರಸಿ ಒಣಗಿಸಿ ಕೀಲಿಗೆ ತೊಟ್ಟು ಎಣ್ಣೆ ಬಿಡಬೇಕು. ಸಾಂಬ್ರಾದಲ್ಲಿ ವಿಮಾನವೇರುವವರು ಚಾಕುವನ್ನು ಕೈಚೀಲದಲ್ಲಿಡದೆ, ಒಪ್ಪಿಸುವ ಪೆಟ್ಟಿಗೆಯಲ್ಲಿಡತಕ್ಕದ್ದು.

ಬಾಲಕರಿಗೆ ಚಾಕುವನ್ನು ಕೊಡುವ ಮುನ್ನ ಅದನ್ನು ಮಡಿಸುವ ಕ್ರಮವನ್ನು ಕಲಿಸಿರಿ. ಕೊಯ್ಯುವ ವಿದ್ಯೆ ಆಮೇಲಿನದು.