ಎರಡನೆಯ ಗುಂಡಿ

ಮನೆಗೆ ಬರುವ ಹಳೆಯ ವಿದ್ಯಾರ್ಥಿಗಳ ಭಾವಚಿತ್ರ ತೆಗೆದಿಡುವ ನನ್ನ ಅಭ್ಯಾಸ ನಿಮಗೆಲ್ಲ ತಿಳಿದದ್ದೇ. ಎರಡು ವರ್ಷಗಳಿಂದ ನನ್ನ ಬಲಭುಜ ಹಿಡಿದುಕೊಂಡಿದೆ. ಭಾವಚಿತ್ರಕ್ಕೆಂದು ಕ್ಯಾಮೆರಾವನ್ನು ನೆಟ್ಟಗೆ ತಿರುಗಿಸಿದರೆ ಶಟರ್ ಗುಂಡಿಯ ತುದಿ ಮೇಲಕ್ಕೆ ಹೋಗುತ್ತದೆ. ಅದರೊಡನೆ ಮೊಣಕೈಯೂ ಏಳಬೇಕು. ಭುಜ ಅದಕ್ಕೆ ಒಪ್ಪದು. ಈ ಹವ್ಯಾಸವನ್ನೇ ಬಿಟ್ಟುಬಿಡೋಣವೆಂದುಕೊಂಡಿದ್ದಾಗ ಅಣ್ಣನ ಮಗ ತನ್ನ ಹಳೆಯ ನಿಕಾನ್ ಡಿ300 ಕ್ಯಾಮೆರಾಕ್ಕೆ ಎಂಬಿ-ಡಿ10 ಎಂಬ ಬ್ಯಾಟರಿ ಗ್ರಿಪ್ ಜೋಡಿಸಿ ತಂದುಕೊಟ್ಟ. 2007ರ ಮಾದರಿಯಾದರೂ ಗಟ್ಟಿಮುಟ್ಟಾಗಿದೆ.

ಗ್ರಿಪ್ಪಿನೊಳಗೆ ಇನ್ನೊಂದು ಬ್ಯಾಟರಿಯನ್ನೋ ಎಂಟು ಎಎ ಸೆಲ್ಲುಗಳನ್ನೋ ಹಾಕಬಹುದು. ನನಗೆ ಒದಗಿಬಂದದ್ದು ಅದರ ಮೂಲೆಯಲ್ಲಿರುವ ಎರಡನೆಯ ಶಟರ್ ಗುಂಡಿ. ಮೊಣಕೈ ಈಗ ಪಕ್ಕೆಗೆ ಒರಗಿಯೇ ಇರುತ್ತದೆ. ಕೈ ನಡುಗುವುದೂ ಕಡಿಮೆ. ತೂಕವೇನೋ ಒಂದು ಕಿಲೋ ದಾಟುತ್ತದೆ.

ಮುಂದೊಂದು ಚಕ್ರ, ಹಿಂದೆ ಹೆಬ್ಬೆರಳಿಗೆ ಇನ್ನೊಂದು, ಜೊತೆಗೆ ಫೋಕಸ್ ಗುಂಡಿ: ಕ್ಯಾಮೆರಾದ ಮೇಲಿನ ಏರ್ಪಾಟೇ ಇಲ್ಲಿಯೂ ಇದೆ. ಕಣ್ಣು ಕಿಂಡಿಯಲ್ಲಿರುವಾಗ ಬೆರಳು ಕುರುಡಾಗಿಯೇ ನಡೆಯಬೇಕಷ್ಟೆ. ಪರಿಚಿತ ದಾರಿಯಿದ್ದರೆ ಎಡವದು. ಕ್ಯಾಮೆರಾವನ್ನು ಅಡ್ಡಲಾಗಿ ಹಿಡಿದಾಗ ಅಂಗೈ ತಗುಲಿ ಚಿತ್ರ ಬೀಳದಿರಲೆಂದು ಆ ಗುಂಡಿಗೆ ಬೀಗವನ್ನೂ ಇಟ್ಟಿದ್ದಾರೆ. ಇದನ್ನು ಯೋಚಿಸಿದವನು ಕ್ಯಾಮೆರಾ ಹಿಡಿದು ದುಡಿದವನೇ ಇರಬೇಕು!

ಫೋಕಸ್ ಬಿಂದುವನ್ನು ಸರಿಸುವ ಗುಂಡಿ ಮಾತ್ರ ಇಲ್ಲಿ ತೀರ ಚಿಕ್ಕದು. ನನ್ನ ಹೆಬ್ಬೆರಳು ಇನ್ನೂ ತಡಕಾಡುತ್ತದೆ. ಐಎಸ್‌ಒ ಗುಂಡಿಯಂತೂ ಗ್ರಿಪ್ಪಿನಲ್ಲಿ ಇಲ್ಲವೇ ಇಲ್ಲ. ಸಂಜೆಯ ಬೆಳಕು ಇಳಿದಾಗ ಲೆನ್ಸನ್ನು ಹೊತ್ತ ಎಡಗೈಯನ್ನೇ ಅತ್ತ ಕಳುಹಿಸಬೇಕು. ಅಷ್ಟರಲ್ಲಿ ಎದುರು ಕುಳಿತವರ ನಗು ಮಾಸಿರುತ್ತದೆ.